ಮಕ್ಕಳು ಸಿನಿಮಾ ಓದುತ್ತೇವೆಂದರೆ

ಪಿ.ಯು.ಸಿ. ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಇಂಜಿನಿಯರಿಂಗ್, ವೈದ್ಯಕೀಯ, ಬಿ.ಕಾಂ.ಗಳ ಮಾತೇ ಮಾತು. ಅದರ ನಡುವೆ ಮಗನೋ ಮಗಳೋ ಪದವಿಗೆ ಚಲನಚಿತ್ರ ಮತ್ತು ಮಾಧ್ಯಮವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಳ್ಳುವೆನೆಂದರೆ ಹಿರಿಯರು ಗಾಬರಿಯಾಗುವುದು ಸಹಜ. ‘ಸಿನಿಮಾ ನೋಡುವುದಕ್ಕೂ ಪದವಿ ಬೇಕೆ?’ ಎಂಬ ಅವರ ಪ್ರಶ್ನೆಯನ್ನು ನಾವು ನಕ್ಕು ತಳ್ಳಿಹಾಕಬಾರದು.

ಈ ಬಗೆಯ ಓದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿಯೇ ಪತ್ರಿಕೋದ್ಯಮ ಪದವಿ ತರಗತಿಯ ಪಾಠವಾಯಿತು. ಅದಕ್ಕೂ ಮೊದಲೇ, 1946ರಲ್ಲಿ, ಮೈಸೂರಿನವರಾದ ವಿ.ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದಿದ್ದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ಹಾಯಿಸಿ ಅವರು ಮೂಡಿಸಿದ ಬೆಳಕಿನ ಕೋಲನ್ನು ಇಂದಿಗೂ ವಿದ್ಯಾರ್ಥಿಗಳು ಅಭ್ಯಸಿಸುತ್ತಾರೆ. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು.

ಈ ವಿದ್ಯೆಯ ತಿರುಳೂ ಅದೇ. ಬೆಳಕು, ಧ್ವನಿ, ಸಂಕಲನ, ಚಿತ್ರಕಥೆಗಳನ್ನು ಕೈಯಾರೆ ಮಾಡಿ ಕಲಿಯಬೇಕು. ಚಿತ್ರಗಳ ಇತಿಹಾಸವನ್ನೂ ಮಾಧ್ಯಮದ ಕಾನೂನನ್ನೂ ಓದಬೇಕು. ನೋಡಿ ಆನಂದಿಸುವವನು ನೋಡಿ ಪ್ರಶ್ನಿಸುವವನಾಗಬೇಕು.

ಆದರೆ ಪದವಿಯೇ ಗುರಿಯಲ್ಲ, ಅದು ಬುನಾದಿ. ಗಿರೀಶ ಕಾಸರವಳ್ಳಿಯವರು ಮೊದಲು ಓದಿದ್ದು ಔಷಧ ವಿಜ್ಞಾನದ ಪದವಿ. ಬಳಿಕ, 1960ರಲ್ಲಿ ಆರಂಭವಾದ ಪುಣೆಯ ಚಲನಚಿತ್ರ ಸಂಸ್ಥೆಯನ್ನು ಸೇರಿ 1975ರಲ್ಲಿ ಓದು ಮುಗಿಸಿದರು. 1977ರ ಅವರ ‘ಘಟಶ್ರಾದ್ಧ’ ಸ್ವರ್ಣಕಮಲ ಗಳಿಸಿತು. ಆ ಸಂಸ್ಥೆಯ ನಿರ್ದೇಶನ ವಿಭಾಗಕ್ಕೆ ಯಾವುದೇ ವಿಷಯದ ಪದವೀಧರರು ಪ್ರವೇಶ ಬಯಸಬಹುದು. ಆದ್ದರಿಂದ ಪದವಿಗೇ ಸಿನಿಮಾ ಓದದಿದ್ದರೆ ದಾರಿ ಮುಚ್ಚಿತೆಂದು ಮಕ್ಕಳು ಕೊರಗಬೇಕಿಲ್ಲ. ಓದಿದರೆ ಬದುಕು ಹಾಳಾಯಿತೆಂದು ಹಿರಿಯರೂ ಕೊರಗಬೇಕಿಲ್ಲ.

ಶುಲ್ಕ ಕಟ್ಟುವ ಮುನ್ನ ತಂದೆತಾಯಿಯರು ಕಾಲೇಜಿಗೆ ತಾವೇ ಹೋಗಿ ವಿಚಾರಿಸುವುದು ಲೇಸು. ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ? ಕ್ಯಾಮೆರಾ, ಸಂಕಲನದ ಕೋಣೆ ವಿದ್ಯಾರ್ಥಿಗಳ ಕೈಗೆ ವಾರಕ್ಕೆ ಎಷ್ಟು ಹೊತ್ತು ಸಿಗುತ್ತವೆ? ಪಾಠ ಹೇಳುವವರು ಆ ಕೆಲಸ ಮಾಡಿ ಬಲ್ಲವರೇ? ಹಿಂದಿನ ವರ್ಷ ಓದಿದವರು ಈಗೇನು ಮಾಡುತ್ತಿದ್ದಾರೆ? ಜಾಹೀರಾತಿನ ಬಣ್ಣದ ಪುಟಕ್ಕಿಂತ ಈ ಉತ್ತರಗಳಿಗೆ ಬೆಲೆ ಹೆಚ್ಚು. ಸಾಲ ಮಾಡಿ ಓದಿಸುವ ಮನೆಯಲ್ಲಂತೂ ಇದು ಅತ್ಯಗತ್ಯ.

ಮಕ್ಕಳಿಗೂ ಒಂದು ಮಾತು. ಈ ಕ್ಷೇತ್ರದಲ್ಲಿ ಬಹಳಷ್ಟು ಕೆಲಸ ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ಎಂಬಂತಿರುತ್ತದೆ. ತಿಂಗಳ ಸಂಬಳದ ನೆಮ್ಮದಿ ಎಲ್ಲರಿಗೂ ಇಲ್ಲ. ಪ್ರವೇಶಕ್ಕೆ ಮೊದಲು ಕೈಯಲ್ಲಿರುವ ಮೊಬೈಲಿನಲ್ಲಿಯೇ ಐದು ನಿಮಿಷದ ಚಿತ್ರವೊಂದನ್ನು ಬರೆದು, ತೆಗೆದು, ಸಂಕಲಿಸಿ ಮನೆಯವರಿಗೆ ತೋರಿಸಿರಿ. ಆ ದುಡಿಮೆಯ ನಂತರವೂ ಆಸೆ ಉಳಿದಿದ್ದರೆ ಅದು ಬರಿಯ ಮೋಹವಲ್ಲ. ಅಂಥ ಆಸೆಗೆ ಹಿರಿಯರು ಬೆನ್ನಾಗಿ ನಿಲ್ಲಬೇಕು.