ರಕ್ತ ಹೆಚ್ಚಿಸುವ ಇಂಜೆಕ್ಷನ್: ಸಂಶಯ ಬೇಡ

ಡಯಾಲಿಸಿಸ್ ರೋಗಿಗಳಿಗೆ ರಕ್ತಹೀನತೆಗಾಗಿ ಕೊಡುವ ಎರಿಥ್ರೋಪೊಯೆಟಿನ್ ಇಂಜೆಕ್ಷನ್ "ಪ್ರಾಣಿಯಿಂದ ಮಾಡಿದ್ದೇ?" ಎಂದು ಕೆಲವರು ಹಿಂಜರಿಯುತ್ತಾರೆ.

ಈ ಪ್ರೋಟೀನನ್ನು ನಮ್ಮ ಮೂತ್ರಪಿಂಡವೇ ತಯಾರಿಸುತ್ತದೆ. ಅದು ಕೆಟ್ಟಾಗ ಕಡಿಮೆಯಾಗುತ್ತದೆ. ಅಸ್ಥಿಮಜ್ಜೆಯ ಜೀವಕೋಶಗಳ ಪೊರೆಗೆ ಇದು ಬೀಗಕ್ಕೆ ಕೀಲಿಯಂತೆ ಕೂಡಿದಾಗ ಕೆಂಪು ರಕ್ತಕಣಗಳು ಬೆಳೆಯುತ್ತವೆ. ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಲು ಇದಕ್ಕೆ ಸಕ್ಕರೆಯ ಎಳೆಗಳು ಅಂಟಿರಬೇಕು. ಸಾಮಾನ್ಯ ಬ್ಯಾಕ್ಟೀರಿಯಾಗಳಿಗೆ ಆ ಕೆಲಸ ಬಾರದು. ಆದ್ದರಿಂದ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳಿಗೆ ಮನುಷ್ಯರ ಜೀನ್ ಸೇರಿಸಿ, ತೊಟ್ಟಿಗಳಲ್ಲಿ ಬೆಳೆಸಿ, ಬಂದ ಪ್ರೋಟೀನನ್ನು ಶುದ್ಧೀಕರಿಸುತ್ತಾರೆ. ಇವು 1957ರಲ್ಲಿ ಪಡೆದ ಕೋಶಗಳ ಸಂತತಿ. ಪ್ರತಿ ಇಂಜೆಕ್ಷನ್‌ಗೆ ಪ್ರಾಣಿಯನ್ನು ಕೊಲ್ಲುವುದಿಲ್ಲ.

1989ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯುವ ಮುನ್ನ ಅನೇಕರಿಗೆ ಪದೇ ಪದೇ ರಕ್ತ ಏರಿಸಬೇಕಾಗುತ್ತಿತ್ತು.

ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಿ; ಹೆಪ್ಪುಗಟ್ಟಲು ಬಿಡಬೇಡಿ, ಅಲುಗಾಡಿಸಬೇಡಿ. ರಕ್ತದೊತ್ತಡ ಏರಬಹುದು, ತಪ್ಪದೆ ಪರೀಕ್ಷಿಸಿಕೊಳ್ಳಿ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.