ವಿಬಿ6 ಹೋದ ಮೇಲೆ ಮಂಡಿಯ ಲೆಕ್ಕ

ಕೇರಳದ ವಯನಾಡಿನ ಪೆರಿಕಲ್ಲೂರಿನ ಒಂದು ಮೆಣಸು-ಕಾಫಿ ಮಂಡಿಯ ಕಂಪ್ಯೂಟರಿನಲ್ಲಿ ಬೂದು ಬಣ್ಣದ ಒಂದು ಪರದೆ ತೆರೆಯುತ್ತದೆ. ರೈತರ ಹೆಸರು, ಚೀಲ, ತೂಕ, ತೇವಾಂಶದ ಕಡಿತ, ದರ. ಕೆಳಗೆ ಎರಡೇ ಗುಂಡಿ: ಒಂದು ಉಳಿಸುವುದಕ್ಕೆ, ಇನ್ನೊಂದು ಬಿಲ್ಲು ಮುದ್ರಿಸುವುದಕ್ಕೆ. ಈ ತಂತ್ರಾಂಶವನ್ನು ಬರೆದದ್ದು ವಿಷುಯಲ್ ಬೇಸಿಕ್ 6, ಅಂದರೆ ವಿಬಿ6ರಲ್ಲಿ. ಮೈಕ್ರೋಸಾಫ್ಟ್ ಅದನ್ನು 1998ರಲ್ಲಿ ಹೊರತಂದು, 2008ರ ಏಪ್ರಿಲ್‌ನಲ್ಲಿ ಅದರಲ್ಲಿ ತಂತ್ರಾಂಶ ಬರೆಯುವ ಸಾಧನಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು.

ನಾನು ಕಬಿನಿ ಹೊಳೆಯಾಚೆ, ಕರ್ನಾಟಕದ ಬೈರಕುಪ್ಪೆಯವನು. ಮೈಸೂರಿನಲ್ಲಿ ವಿಬಿ ಕಲಿತು ಬಂದು ಊರಿನಲ್ಲಿ ಕಂಪ್ಯೂಟರ್ ಪಾಠ ಹೇಳಿದವನು. ಅದಕ್ಕೇ ಹೊಳೆ ದಾಟಿ ಪೆರಿಕಲ್ಲೂರಿಗೆ ಬಂದರೆ ನನ್ನನ್ನು ಎಲ್ಲರೂ ‘ಮಾಷೇ’ ಎಂದೇ ಕರೆಯುತ್ತಾರೆ. ಮಂಡಿಯ ಯಜಮಾನರಾದ ಚೇಟ್ಟ (ಅಣ್ಣ) ಶುಂಠಿ ಬೆಳೆಯಲು ಎಚ್.ಡಿ. ಕೋಟೆ ಕಡೆ ವರ್ಷಗಟ್ಟಲೆ ಓಡಾಡಿದವರು, ಚೆನ್ನಾಗಿ ಕನ್ನಡ ಆಡುತ್ತಾರೆ. “ಮಾಷೇ, ಇದು ನಡೀತಾನೇ ಇದೆಯಲ್ಲ, ಯಾಕೆ ಬದಲಾಯಿಸಬೇಕು?” ಎಂದು ಅವರು ಕೇಳಿದ ಪ್ರಶ್ನೆಗೆ ನ್ಯಾಯವಾದ ಉತ್ತರ ಕೊಡಲೇಬೇಕು.

ನಡೆಯುತ್ತಿರುವುದು ನಿಜ. ವಿಬಿ6ರಲ್ಲಿ ಬರೆದ ತಂತ್ರಾಂಶ ಓಡಲು ಬೇಕಾದ ಕಡತವನ್ನು ಮೈಕ್ರೋಸಾಫ್ಟ್ ವಿಂಡೋಸ್ 11ರಲ್ಲೂ ಇಟ್ಟಿದೆ. ಆದರೆ ಹಳೆಯದು ಓಡುವುದು ಒಂದು ಮಾತು, ಅದನ್ನು ತಿದ್ದಲು ಸಾಧ್ಯವಾಗುವುದು ಇನ್ನೊಂದು ಮಾತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಒಣ ಮೆಣಸಿಗೆ ಶೇ. 5. ಕೇರಳದೊಳಗೆ ಮಾರಿದರೆ ಅದು ಎರಡೂವರೆಯಂತೆ ಎರಡು ಪಾಲು. ಹೊಳೆ ದಾಟಿಸಿ ಕರ್ನಾಟಕದ ವ್ಯಾಪಾರಿಗೆ ಮಾರಿದರೆ ಐಜಿಎಸ್‌ಟಿ ಎಂಬ ಒಂದೇ ಪಾಲು. ವ್ಯಾಟ್ ಕಾಲದ ತಂತ್ರಾಂಶದಲ್ಲಿ ತೆರಿಗೆಗೆ ಇದ್ದದ್ದು ಒಂದೇ ಕಾಲಂ. ಹಾಗಾಗಿ ತೆರಿಗೆಯನ್ನು ಕೈಯಲ್ಲಿ ಲೆಕ್ಕ ಹಾಕಿ ಬಿಲ್ಲಿನ ಕೆಳಗೆ ಬರೆಯುವುದು ರೂಢಿಯಾಯಿತು. ಬರೆದುಕೊಟ್ಟವರು ಮೂಲ ಸಂಕೇತ, ಅಂದರೆ ಸೋರ್ಸ್ ಕೋಡ್, ಕೊಟ್ಟಿರಲಿಲ್ಲ. ಕೊಟ್ಟದ್ದು ಇಎಕ್ಸ್‌ಇ ಕಡತ ಮಾತ್ರ. ಅದರಿಂದ ಮೂಲವನ್ನು ಹಾಗೆಯೇ ಹೊರತೆಗೆಯಲು ಆಗದು.

ವಿಬಿ ಎಂಬ ಈ ಭಾಷೆಯ ಬಗ್ಗೆ ನನಗೆ ಗೌರವವಿದೆ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಜ್ ಎಂಬ ಇಬ್ಬರು ಗಣಿತದ ಮೇಷ್ಟ್ರುಗಳು ಸಾಮಾನ್ಯ ವಿದ್ಯಾರ್ಥಿಗಳಿಗೆಂದೇ ಬೇಸಿಕ್ ಕಟ್ಟಿದರು. 1991ರಲ್ಲಿ ಬಂದ ವಿಷುಯಲ್ ಬೇಸಿಕ್ ಅದಕ್ಕೆ ಚಿತ್ರದ ಪರದೆ ಸೇರಿಸಿತು: ಗುಂಡಿಯನ್ನು ಎಳೆದು ತಂದಿಡಿ, ಎರಡು ಸಲ ಒತ್ತಿ, ಅದು ಮಾಡಬೇಕಾದ ಕೆಲಸವನ್ನು ಬರೆಯಿರಿ. ಬಿ.ಕಾಂ. ಓದಿದ ಗುಮಾಸ್ತರೂ ತಮ್ಮ ಕಚೇರಿಗೆ ಬೇಕಾದ್ದನ್ನು ತಾವೇ ಕಟ್ಟಿಕೊಂಡರು. 2002ರಲ್ಲಿ ಮೈಕ್ರೋಸಾಫ್ಟ್ ವಿಬಿ ಡಾಟ್‌ನೆಟ್ ತಂದಾಗ ಹೆಸರು ಉಳಿಯಿತು, ಒಳಗಿನ ನಿಯಮಗಳು ಬದಲಾದವು. ಹಳೆಯ ಸಂಕೇತ ಹೊಸದರಲ್ಲಿ ನೇರವಾಗಿ ಓಡಲಿಲ್ಲ. 2005ರಲ್ಲಿ ಆ ಕಂಪನಿಯೇ ಮನ್ನಣೆ ಕೊಟ್ಟಿದ್ದ ನುರಿತ ಬಳಕೆದಾರರು ವಿಬಿ6 ಉಳಿಸಿ ಎಂದು ಮನವಿ ಸಲ್ಲಿಸಿದರೂ ಫಲ ಸಿಗಲಿಲ್ಲ. 2020ರಲ್ಲಿ, ವಿಬಿ ಡಾಟ್‌ನೆಟ್ ಅನ್ನೂ ಭಾಷೆಯಾಗಿ ಮುಂದೆ ಬೆಳೆಸುವುದಿಲ್ಲವೆಂದು ಕಂಪನಿ ಹೇಳಿತು. ಒಂದೇ ಕಂಪನಿಯ ತೀರ್ಮಾನಕ್ಕೆ ಮಂಡಿಯ ಲೆಕ್ಕವನ್ನು ಮತ್ತೆ ಕಟ್ಟಿಹಾಕಲು ನಾನು ಒಪ್ಪಲಿಲ್ಲ.

ಹೊಸದನ್ನು ಬರೆಯಲು ನಾನು ಆರಿಸಿಕೊಂಡದ್ದು ಲಾಜರಸ್. ಫ್ರೀ ಪ್ಯಾಸ್ಕಲ್ ಕಂಪೈಲರಿನ ಮೇಲೆ ನಿಂತಿರುವ, ಯಾರು ಬೇಕಾದರೂ ಇಳಿಸಿಕೊಂಡು ತಿದ್ದಬಹುದಾದ ಮುಕ್ತ ತಂತ್ರಾಂಶ. ಗುಂಡಿ ಎಳೆದಿಡುವ ಪದ್ಧತಿ ವಿಬಿಯದ್ದೇ. ಒಂದೇ ಮೂಲದಿಂದ ವಿಂಡೋಸ್‌ಗೂ ಲಿನಕ್ಸ್‌ಗೂ ತಂತ್ರಾಂಶ ಸಿದ್ಧವಾಗುತ್ತದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸ್ ಮೇಲೆಯೇ ಆದ್ದರಿಂದ, ನಾಳೆ ಈ ಮಂಡಿಯ ಮೇಜಿಗೆ ಬಂದು ಕೂರುವವರಿಗೆ ಅದು ಅಪರಿಚಿತವಲ್ಲ. ಗ್ಯಾಂಬಾಸ್ ಎಂಬುದು ವಿಬಿಗೆ ಇನ್ನೂ ಹತ್ತಿರ, ಆದರೆ ಅದು ಲಿನಕ್ಸ್‌ನದು. ಮಂಡಿಯಲ್ಲಿ ಈಗಿರುವುದು ವಿಂಡೋಸ್. ಎಲ್ಲವನ್ನೂ ಇಂಟರ್‌ನೆಟ್ ಮೇಲೆ ಹಾಕಿ ಎನ್ನುವವರಿದ್ದಾರೆ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದಾಗ ಚೀಲ ಇಳಿಸಿ ನಿಂತ ರೈತರನ್ನು ಕಾಯಿಸುವಂತಿಲ್ಲ.

ನಿಜವಾದ ಕೆಲಸವಿದ್ದದ್ದು ಭಾಷೆಯಲ್ಲಲ್ಲ, ಒಳಗಿನ ನಿಯಮಗಳಲ್ಲಿ. ವಯನಾಡಿನಲ್ಲಿ ಸಿಪ್ಪೆ ಸಮೇತ ಒಣಗಿದ ‘ಉಂಡ’ ಕಾಫಿಯ ದರ ಹೇಳುವುದು 54 ಕಿಲೋ ಚೀಲಕ್ಕೆ, ಕರ್ನಾಟಕದಲ್ಲಿ 50 ಕಿಲೋಗೆ, ಶುಂಠಿ ಎರಡೂ ಕಡೆ 60 ಕಿಲೋಗೆ. ಇದನ್ನು ಯಾರೂ ಕಾಗದದ ಮೇಲೆ ಬರೆದಿಟ್ಟಿರಲಿಲ್ಲ. ಹಳೆಯ ಬಿಲ್ಲುಗಳ ಕಟ್ಟು ಬಿಚ್ಚಿ, ಗುಮಾಸ್ತರ ಪಕ್ಕ ಕೂತು, ಒಂದೊಂದಾಗಿ ಹೊರತೆಗೆದೆವು. ಮೊತ್ತವನ್ನು ರೂಪಾಯಿಗೆ ಸರಿಹೊಂದಿಸುವಲ್ಲಿ ಒಂದು ಸೂಕ್ಷ್ಮ ಸಿಕ್ಕಿತು. ವಿಬಿ6ರ ‘ರೌಂಡ್’ ಸರಿಯಾಗಿ ಐವತ್ತು ಪೈಸೆ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ: 1,250.50 ಆದರೆ 1,250, 1,251.50 ಆದರೆ 1,252. ಎಕ್ಸೆಲ್ ಹಾಳೆಯಲ್ಲಿ ಅದೇ ಮೊದಲ ಮೊತ್ತ 1,251 ಆಗುತ್ತದೆ. ಒಂದು ರೂಪಾಯಿಯ ಈ ವ್ಯತ್ಯಾಸಕ್ಕೆ ಹಳೆಯ ಗಿರಾಕಿಗಳ ನಡುವೆ ಮಾತು ಬೆಳೆದಿತ್ತು. ಲಾಜರಸ್‌ನ ರೌಂಡ್ ಕೂಡ ಸಮಸಂಖ್ಯೆಗೇ ಹೋಗುವುದರಿಂದ ಹಳೆಯ ಬಿಲ್ಲಿಗೂ ಹೊಸದಕ್ಕೂ ತಾಳೆಯಾಯಿತು. ಹಳೆಯದರಲ್ಲಿ ಬಿಲ್ಲಿನ ಸಂಖ್ಯೆ 32,767 ದಾಟಿದ ಕೂಡಲೇ ‘ಓವರ್‌ಫ್ಲೋ’ ಎಂದು ನಿಂತುಬಿಡುತ್ತಿತ್ತು, ಏಕೆಂದರೆ ವಿಬಿ6ರ ‘ಇಂಟಿಜರ್’ ಹಿಡಿಯುವುದು ಅಷ್ಟನ್ನೇ. ಹೊಸದರಲ್ಲಿ ಆ ಮಿತಿಯಿಲ್ಲ. ದಾಖಲೆಗಳನ್ನು ಮೈಕ್ರೋಸಾಫ್ಟಿನ ಡೇಟಾಬೇಸ್ ಆದ ಆಕ್ಸೆಸ್‌ನಿಂದ ತೆಗೆದು, ಯಾರ ಒಡೆತನವೂ ಇಲ್ಲದ ಡೇಟಾಬೇಸ್ ಆದ ಎಸ್‌ಕ್ಯುಎಲೈಟ್‌ಗೆ ಹಾಕಿದೆವು. ಅದನ್ನು 2050ರವರೆಗೆ ನೋಡಿಕೊಳ್ಳುವುದಾಗಿ ಕಟ್ಟಿದವರು ಹೇಳಿದ್ದಾರೆ. ಹಣವನ್ನು ಅಲ್ಲಿ ಪೈಸೆಯ ಪೂರ್ಣಸಂಖ್ಯೆಯಾಗಿ ಇಟ್ಟಿದ್ದೇವೆ, ಹಾಗಾಗಿ ದಶಾಂಶದ ಎಡವಟ್ಟು ಬರುವುದಿಲ್ಲ.

ಹೆಚ್ಚು ದಿನ ಹಿಡಿದದ್ದು ಹೆಸರುಗಳಿಗೆ. ವಿಬಿ6ರ ಪರದೆಗೆ ಯೂನಿಕೋಡ್ ಬಾರದು. ಆ ಕಾಲದ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ತುಂಬಿದ ಫಾಂಟುಗಳದ್ದು. ಫಾಂಟ್ ತೆಗೆದರೆ ಹೆಸರು ಗೀಚಿದಂತೆ ಕಾಣುತ್ತದೆ, ಅಕಾರಾದಿಯಾಗಿ ಜೋಡಿಸಲೂ ಆಗದು. ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಹಿಂದೆ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತನೆ ಮಾಡುವ ಸಣ್ಣ ತಂತ್ರಾಂಶ ಬರೆದರೂ, ಕೊನೆಗೆ ಪಟ್ಟಿಯನ್ನು ಮುದ್ರಿಸಿ, ಊರು ಬಲ್ಲವರಿಂದ ಓದಿಸಿಯೇ ತಿದ್ದಿದೆವು. ಹಳೆಯ ಪರದೆಯಲ್ಲಿ ಒಂದು ಪೆಟ್ಟಿಗೆಗೆ ಒಂದೇ ಫಾಂಟು. ಈಗ ಒಂದೇ ಪಟ್ಟಿಯಲ್ಲಿ ಬೈರಕುಪ್ಪೆಯವರ ಹೆಸರು ಕನ್ನಡದಲ್ಲೂ ಪೆರಿಕಲ್ಲೂರಿನವರ ಹೆಸರು ಮಲಯಾಳದಲ್ಲೂ ಇವೆ. ಗಡಿಯ ಅಂಗಡಿಗೆ ಇದು ಸೌಕರ್ಯಕ್ಕಿಂತ ದೊಡ್ಡದು. ತಮ್ಮ ಹೆಸರನ್ನು ತಮ್ಮ ಲಿಪಿಯಲ್ಲಿ ಓದಿ ಸಹಿ ಹಾಕುವ ರೈತರ ಹಕ್ಕು.

ಹಳೆಯದನ್ನು ಕಿತ್ತು ಹಾಕಿಲ್ಲ. ಒಂದು ಮೆಣಸಿನ ಸುಗ್ಗಿ ಪೂರ್ತಿ ಎರಡೂ ಜೊತೆಗೆ ಓಡಬೇಕು, ಪ್ರತಿ ಸಂಜೆ ಎರಡರ ಮೊತ್ತ ತಾಳೆಯಾಗಬೇಕು ಎಂಬುದು ಚೇಟ್ಟನ ಜೊತೆ ಮಾಡಿಕೊಂಡ ಕರಾರು. ಮೂಲ ಸಂಕೇತದ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಅವರ ತಿಜೋರಿಯಲ್ಲಿದೆ.

ನಿಮ್ಮ ಸಹಕಾರ ಸಂಘದಲ್ಲೋ ಅಂಗಡಿಯಲ್ಲೋ ಇಂಥ ಹಳೆಯ ತಂತ್ರಾಂಶವಿದ್ದರೆ, ಅದು ಕೈಕೊಡುವವರೆಗೆ ಕಾಯಬೇಡಿ. ಇವತ್ತೇ ದಾಖಲೆಗಳ ಒಂದು ಪ್ರತಿ ತೆಗೆದಿಡಿ, ಲೆಕ್ಕದ ನಿಯಮಗಳನ್ನು ಗುಮಾಸ್ತರಿಂದ ಬರೆಸಿಕೊಳ್ಳಿ. ಹೊಸದನ್ನು ಯಾರಿಂದ ಮಾಡಿಸಿದರೂ ಮೂಲ ಸಂಕೇತ ನಮ್ಮ ಕೈಗೆ ಕೊಡಬೇಕು ಎಂಬ ಮಾತನ್ನು ಹಣ ಕೊಡುವ ಮೊದಲೇ ಕರಾರಿನಲ್ಲಿ ಬರೆಸಿ.