ಸರ್ಟಿಫೈಡ್ ಕಾರು: ಸಂಚಕಾರ ಕೊಡುವ ಮುನ್ನ

ಬಾಗಲಕೋಟೆ ಜಿಲ್ಲೆಯಲ್ಲಿ ಹಳೆಯ ಕಾರು ಕೊಳ್ಳುವವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಗುರುತಿನವರ ಮನೆ ಮುಂದೆ ನಿಂತ ಕೆಎ-29 ಗಾಡಿಯನ್ನು ಮಿಸ್ತ್ರಿಗೆ ತೋರಿಸಿ ಕೊಳ್ಳುವುದು ಒಂದು. ಕಂಪನಿಯ ಮಳಿಗೆಯಲ್ಲಿ ‘ಸರ್ಟಿಫೈಡ್’ ಎಂಬ ಚೀಟಿ ಹೊತ್ತ ಗಾಡಿಗೆ ಒಂದಿಷ್ಟು ಹೆಚ್ಚು ಹಣ ಕೊಡುವುದು ಇನ್ನೊಂದು. ಆ ಹೆಚ್ಚಿನ ಹಣಕ್ಕೆ ಸಿಗುವುದೇನು?

ಈ ಪ್ರಮಾಣಪತ್ರ ಸರ್ಕಾರದ್ದಲ್ಲ, ಮಾರುವವರೇ ಬರೆದುಕೊಡುವ ಮಾತು. ಮಾರುತಿ ಕಂಪನಿ 2001ರಲ್ಲಿ ಟ್ರೂ ವ್ಯಾಲ್ಯೂ ಶುರು ಮಾಡಿತು. ಹುಂಡೈ, ಟೊಯೋಟಾ, ಮಹೀಂದ್ರ ಕೂಡ ಈ ವ್ಯಾಪಾರಕ್ಕೆ ಇಳಿದವು. ಟ್ರೂ ವ್ಯಾಲ್ಯೂ 376 ಅಂಶಗಳನ್ನು ಪರೀಕ್ಷಿಸುವುದಾಗಿ ಹೇಳುತ್ತದೆ. ಸರ್ಟಿಫೈಡ್ ಗಾಡಿಗೆ ಒಂದು ವರ್ಷದವರೆಗೆ ವಾರಂಟಿ, ಮೂರು ಉಚಿತ ಸರ್ವಿಸ್ ಕೊಡುತ್ತದೆ. ಅದೇ ಮಳಿಗೆಯಲ್ಲಿ ಸರ್ಟಿಫೈಡ್ ಅಲ್ಲದ ಗಾಡಿಗಳೂ ಇರುತ್ತವೆ, ಫಲಕ ಒಂದೇ ಆದರೂ ಭರವಸೆ ಒಂದೇ ಅಲ್ಲ. ವಾರಂಟಿ ಹೆಚ್ಚಾಗಿ ಎಂಜಿನ್, ಗೇರ್‌ಬಾಕ್ಸಿಗೆ ಮಾತ್ರ. ಕ್ಲಚ್, ಬ್ರೇಕ್, ಟೈರ್, ಬ್ಯಾಟರಿ ಸವೆದರೆ ಖರ್ಚು ನಿಮ್ಮದೇ. ರಿಪೇರಿ ಎಲ್ಲಿ ಮಾಡಿಸಿಕೊಡುತ್ತಾರೆ ಎಂದೂ ಕೇಳಿ. ಇಳಕಲ್ಲಿನವರು ಹುಬ್ಬಳ್ಳಿಯಲ್ಲಿ ಕೊಂಡ ಗಾಡಿಯನ್ನು ಪ್ರತಿ ಸಲ ನೂರು ಕಿಲೋಮೀಟರಿಗೂ ಮೇಲೆ ಒಯ್ಯಬೇಕಾದರೆ ಆ ವಾರಂಟಿಯ ಅರ್ಧ ಬೆಲೆ ಹೋದಂತೆಯೇ.

ಈ ಭಾಗದವರು ಎಲ್ಲಕ್ಕಿಂತ ಹೆಚ್ಚು ಹುಷಾರಾಗಿರಬೇಕಾದ್ದು ನೀರಿನ ವಿಷಯದಲ್ಲಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ಊರುಗಳಿಗೆ ನುಗ್ಗಿತು. ಪಟ್ಟದಕಲ್ಲಿನ ದೇವಾಲಯಗಳ ಆವರಣವೂ ಮುಳುಗಿತ್ತು. ನೆರೆ ನೀರಲ್ಲಿ ನಿಂತ ಗಾಡಿ ತೊಳೆದು ಪಾಲಿಶ್ ಮಾಡಿದರೆ ಹೊರಗೆ ಏನೂ ಕಾಣುವುದಿಲ್ಲ. ಒಳಗಿನ ವೈರುಗಳು ಮಾತ್ರ ತಿಂಗಳುಗಟ್ಟಲೆ ನಿಧಾನವಾಗಿ ಕೊಳೆಯುತ್ತವೆ. ಆದ್ದರಿಂದ ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಕೆಸರಿನ ಗೆರೆ ಉಳಿಯುವುದು ಅಲ್ಲಿ. ಸೀಟು ಸರಿಯುವ ಕಂಬಿಗಳಿಗೆ ತುಕ್ಕು ಹಿಡಿದಿದೆಯೇ, ಹಿಂದಿನ ಸ್ಟೆಪ್ನಿ ಎತ್ತಿದರೆ ಕೆಳಗೆ ಮಣ್ಣು ಕೂತಿದೆಯೇ, ಕಾರ್ಪೆಟ್ ಅಡಿ ಮುಗ್ಗಲು ವಾಸನೆ ಇದೆಯೇ ನೋಡಿ. ಸರ್ಟಿಫೈಡ್ ಎಂದರೂ ಇದನ್ನು ನೀವೇ ಮಾಡಬೇಕು.

ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2321 ಎಂದಿದ್ದರೆ ಅದು 2021ರ 23ನೇ ವಾರದಲ್ಲಿ ತಯಾರಾದ ಟೈರು. ಮೀಟರ್ ಇಪ್ಪತ್ತು ಸಾವಿರ ಕಿಲೋಮೀಟರ್ ತೋರಿಸುತ್ತಿದ್ದು, ಟೈರುಗಳು ಮಾತ್ರ ಗಾಡಿಗಿಂತ ಮೂರು ವರ್ಷ ಹೊಸವಾಗಿದ್ದರೆ ಯಾಕೆ ಬದಲಾಯಿಸಿದಿರಿ ಎಂದು ಕೇಳಿ. ಸರ್ವಿಸ್ ದಾಖಲೆಯ ಕಿಲೋಮೀಟರಿಗೂ ಮೀಟರಿಗೂ ತಾಳೆ ನೋಡುವುದು ಇನ್ನೂ ಒಳ್ಳೆಯದು.

ಸೋಲಾಪುರದ ಹೆದ್ದಾರಿ ಹುನಗುಂದ, ಇಳಕಲ್ ಹಾಯ್ದು ಹೋಗುವುದರಿಂದ ಎಂಎಚ್-13 ಗಾಡಿಗಳೂ ಇತ್ತ ಮಾರಾಟಕ್ಕೆ ಬರುತ್ತವೆ. ಬೆಲೆ ಕಡಿಮೆ ಎನಿಸಿದರೂ ನಿರಾಕ್ಷೇಪಣಾ ಪತ್ರ, ಕರ್ನಾಟಕದ ತೆರಿಗೆ, ಹೊಸ ನಂಬರು ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿ.

ಕಾಗದದ ಕೆಲಸವನ್ನು ನಂತರಕ್ಕೆ ಬಿಡಬೇಡಿ. 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ, ಗಾಡಿ ಮಾರಿದ್ದರೂ ನೋಂದಣಿಯಲ್ಲಿ ಹೆಸರಿರುವವನೇ ಅಪಘಾತ ಪರಿಹಾರಕ್ಕೆ ಹೊಣೆ ಎಂದಿತು. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ಡೀಲರ್ ಆರ್‌ಟಿಒದಿಂದ ಅಧಿಕಾರಪತ್ರ ಪಡೆದಿರಬೇಕು. ಅದನ್ನು ತೋರಿಸಲು ಕೇಳುವ ಹಕ್ಕು ನಿಮಗಿದೆ. ಸಾಲವಿದ್ದ ಗಾಡಿಯಾದರೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿರಬೇಕು. ವಿಮೆ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಕೊಡಿ. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ.

ಬೆಲೆಯ ಲೆಕ್ಕವೂ ಈಗ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಎರಡು-ಮೂರು ವರ್ಷದ ಸಣ್ಣ ಕಾರಿಗೆ ಹಳೆಯ ದರವನ್ನೇ ಹೇಳಿದರೆ ಹೊಸದರ ಕೊಟೇಶನ್ ಪಕ್ಕದಲ್ಲಿಟ್ಟು ಚೌಕಾಶಿ ಮಾಡಿ.

ನನ್ನ ಅಭಿಪ್ರಾಯ ಇಷ್ಟು. ಮಾಲೀಕ ಗುರುತಿನವನಾಗಿದ್ದು, ಸರ್ವಿಸ್ ದಾಖಲೆ ಪೂರ್ತಿ ಇದ್ದು, ನಂಬುವ ಮಿಸ್ತ್ರಿ ಜೊತೆಗಿದ್ದರೆ ಸರ್ಟಿಫಿಕೇಟಿಗೆ ಹೆಚ್ಚು ಹಣ ಕೊಡಬೇಕಿಲ್ಲ. ಈ ಮೂರರಲ್ಲಿ ಒಂದೂ ಇಲ್ಲದವರು, ಅದರಲ್ಲೂ ಮೊದಲ ಸಲ ಕಾರು ಕೊಳ್ಳುವವರು, ಹತ್ತಿರದ ಊರಲ್ಲೇ ರಿಪೇರಿ ಸಿಗುವ ಸರ್ಟಿಫೈಡ್ ಗಾಡಿಯನ್ನೇ ಕೊಳ್ಳಲಿ. ಯಾವುದೇ ಆದರೂ ವಾರಂಟಿಯ ಷರತ್ತುಗಳನ್ನು ಬರಹದಲ್ಲಿ ಪಡೆದು, ಮನೆಯಲ್ಲಿ ಕೂತು ಓದಿದ ಮೇಲೆ ಸಂಚಕಾರ ಕೊಡಿ.